ಪತ್ರದ ಕೊನೆಯ ಸಾಲು

ಯಲಹಂಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಎರಡು ವರ್ಷದಿಂದ ನಮ್ಮ ಬಡಾವಣೆಯ ಕೆರೆ ಗುಂಪಿಗೆ ಹೋಗುತ್ತಿದ್ದೇನೆ. ಗುಂಪು ನಡೆಸುವವರು ನಾನು ಸತ್ತರೂ ವೋಟು ಹಾಕದ ಪಕ್ಷದ ಕಟ್ಟಾಳು. ಬೆಳಗಾದರೆ ಅವರ ಫಾರ್ವರ್ಡ್ ನೋಡಿ ಮೈ ಉರಿಯುತ್ತದೆ. ಇಂಥವರ ಜೊತೆ ಹೂಳು ತೆಗೆಯುವುದು ನನ್ನ ನಂಬಿಕೆಗೆ ಮೋಸ ಅಲ್ವಾ? ಗುಂಪು ಬಿಡಲೇ? ಅಂದ ಹಾಗೆ, ಈಗ ಕೆರೆಗೆ ಬೇಲಿ ಹಾಕಿ ಹುಲ್ಲು ಕೊಯ್ಯುವವರನ್ನು ತಡೆಯಬೇಕು ಎಂಬ ಮಾತೂ ನಡೆದಿದೆ.’

ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಚುಟುಕು ಮಾಡಿದ್ದೇನೆ. ಮೂರೂಮುಕ್ಕಾಲು ಪುಟ ಆ ಮನುಷ್ಯನ ಮೇಲಿನ ಸಿಟ್ಟು. ಬೇಲಿಯದ್ದು ಕೊನೆಯಲ್ಲಿ ಒಂದೇ ಸಾಲು, ಅದೂ ‘ಅಂದ ಹಾಗೆ’ ಅಂತ. ನನಗೇನೋ ಪತ್ರ ತಲೆಕೆಳಗಾಗಿ ಕಾಣಿಸಿತು.

ಮೊದಲು ಮೈ ಉರಿಯ ವಿಷಯ. ಗುಂಪು ಬಿಡಬೇಡಿ. ನಿಮ್ಮ ಕಡೆಯ ದಾರಿಯಲ್ಲೇ ನಡೆದದ್ದು ನೆನಪಿಸಿಕೊಳ್ಳಿ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ತನಕ ಜನ ಕೈ ಕೈ ಹಿಡಿದು ‘ಸ್ಟೀಲ್ ಫ್ಲೈಓವರ್ ಬೇಡ’ ಅಂತ ನಿಂತರು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಪಕ್ಕದವರ ಕೈ ಹಿಡಿಯುವ ಮೊದಲು ಯಾರೂ ‘ನಿಮ್ಮ ಪಕ್ಷ ಯಾವುದು ಸ್ವಾಮಿ’ ಅಂತ ಕೇಳಲಿಲ್ಲ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮುಂದಿನ ವರ್ಷವೇ ವಿಧಾನಸಭಾ ಚುನಾವಣೆ ಬಂತು, ಎಲ್ಲರೂ ಅವರವರ ಚಿಹ್ನೆಗೆ ಒತ್ತಿದರು. ಮೋಸ ಏನಾಯಿತು?

ಇನ್ನೊಂದು ಲೆಕ್ಕವೂ ಇದೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಈ ಊರು ನಡೆಯಿತು. 2025ರಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆ ಬಂದವು. ಚರಂಡಿ ಕಟ್ಟಿಕೊಂಡರೆ ಎಂಜಿನಿಯರ್ ಮುಂದೆ ನಿಲ್ಲಬೇಕಾದವರು ನಾವೇ. ಒಬ್ಬರೇ ಹೋದರೆ ನಾಳೆ ಬನ್ನಿ ಅಂತಾರೆ. ಇಪ್ಪತ್ತು ಜನ ಹೋದರೆ ಕುರ್ಚಿ ಹಾಕಿಸ್ತಾರೆ.

ಫಾರ್ವರ್ಡ್‌ಗೆ ನಮ್ಮ ಬೀದಿಯಲ್ಲಿ ಮದ್ದು ಸಿಕ್ಕಿದ್ದು ಆದರ್ಶದಿಂದಲ್ಲ. ಒಂದು ರಾತ್ರಿ ಜೋರು ಮಳೆ. ರಾಜಕಾಲುವೆಯ ಜಾಲರಿಗೆ ಥರ್ಮಕೋಲ್, ಎಳನೀರು ಬುರುಡೆ, ಹಳೇ ದಿಂಬು ಎಲ್ಲ ಸಿಕ್ಕಿಕೊಂಡಿತ್ತು. ಒಬ್ಬರು ಫೋಟೊ ಹಾಕಿದರು. ಅದರ ಮೇಲೆ ಎರಡೂ ಪಕ್ಷದವರ ನಲವತ್ತು ಮೆಸೇಜ್ ಬಿದ್ದು ಫೋಟೊ ಮುಳುಗಿತು. ಯಾರೂ ನೋಡಲಿಲ್ಲ. ಬೆಳಿಗ್ಗೆ ಎರಡೂ ಪಕ್ಷದವರ ಮನೆಯೊಳಗೆ ನೀರು. ಅವತ್ತಿನಿಂದ ನಿಯಮ: ಈ ಗುಂಪಿನಲ್ಲಿ ನೀರು, ಕಸ, ಬೀದಿದೀಪ ಮಾತ್ರ. ಗುಡ್ ಮಾರ್ನಿಂಗ್ ಹೂವೂ ಇಲ್ಲ. (ಹೂವು ನಿಲ್ಲಿಸುವುದೇ ಜಾಸ್ತಿ ಕಷ್ಟ ಆಯಿತು.)

ಒಂದು ಮಾತು ಮಾತ್ರ ಸ್ಪಷ್ಟ ಇರಲಿ. ಅವರು ನಿಮ್ಮ ಪಕ್ಷವನ್ನು ಬೈದರೆ ನುಂಗಿಕೊಳ್ಳಿ. ಗುಂಪಿನಲ್ಲಿ ಇರುವ ಯಾರದ್ದಾದರೂ ಜಾತಿ, ಧರ್ಮ ಎತ್ತಿ ಹೀಯಾಳಿಸಿದರೆ ನುಂಗಬೇಡಿ. ಅದು ಅಭಿಪ್ರಾಯ ಭೇದ ಅಲ್ಲ. ಅಲ್ಲೇ, ಎಲ್ಲರ ಎದುರೇ ಹೇಳಿ. ನಿಮ್ಮ ನಾಲ್ಕು ಪುಟದಲ್ಲಿ ಅಂಥದ್ದು ಕಾಣಲಿಲ್ಲ.

ಈಗ ಬೇಲಿಗೆ ಬರೋಣ. ನನ್ನ ಪ್ರಕಾರ ನಿಮ್ಮ ಕೆರೆಯ ನಿಜವಾದ ಜಗಳ ಇದೇ. ಹುಲ್ಲು ಕೊಯ್ಯುವವರು ಕೆರೆ ಹಾಳು ಮಾಡ್ತಾರೆ ಅಂತ ವಾಕಿಂಗ್ ಮಾಡುವವರಿಗೆ ಅನಿಸುತ್ತದೆ. ಉಲ್ಟಾ. ಊರಿನ ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ. ಶುದ್ಧೀಕರಿಸಿದ ನೀರಿನಲ್ಲೂ ಅದು ಪೂರ್ತಿ ಹೋಗಿರುವುದಿಲ್ಲ. ಜೊಂಡು, ಹುಲ್ಲು ಅದನ್ನು ಹೀರಿ ಬೆಳೆಯುತ್ತವೆ. ಕೊಯ್ದು ಹೊರಗೆ ಒಯ್ದರೆ ಅದೂ ಹೊರಗೆ ಹೋಯಿತು. ಬಿಟ್ಟರೆ ಅಲ್ಲೇ ಕೊಳೆತು ಮತ್ತೆ ನೀರಿಗೇ ಸೇರಿತು. ನಿಮ್ಮ ಹತ್ತಿರದ ಜಕ್ಕೂರು ಕೆರೆಗೇ ಒಮ್ಮೆ ಹೋಗಿಬನ್ನಿ. ಅಲ್ಲಿನ ಶುದ್ಧೀಕರಣ ಘಟಕವನ್ನು ಕಟ್ಟಿದ್ದು ದಿನಕ್ಕೆ 1 ಕೋಟಿ ಲೀಟರ್ ಲೆಕ್ಕದಲ್ಲಿ. ಅದರ ನೀರು ಜೊಂಡಿನ ಜೌಗು ದಾಟಿ ಕೆರೆಗೆ ಇಳಿಯುತ್ತದೆ. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುವವರು, ಎಲ್ಲರೂ ಅಲ್ಲಿ ಕಾಣಸಿಗುತ್ತಾರೆ. ಹಸುವಿಗೆ ಅಂತ ಹೊರೆ ಹೊತ್ತು ಹೋಗುವ ಹೆಂಗಸು, ನೀವು ಭಾನುವಾರ ಗ್ಲೌಸ್ ಹಾಕಿಕೊಂಡು ಮಾಡುವ ಕೆಲಸವನ್ನು ದಿನಾ ಮಾಡುತ್ತಿದ್ದಾಳೆ.

ಆಕೆ ನಿಮ್ಮ ಸಭೆಗೆ ಬರುತ್ತಾಳಾ? ನಮ್ಮಲ್ಲಿ ಬರುತ್ತಿರಲಿಲ್ಲ. ಸಭೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಇತ್ತು. ಗೇಟಿನಲ್ಲಿ ಪುಸ್ತಕಕ್ಕೆ ಹೆಸರು, ಫ್ಲ್ಯಾಟ್ ನಂಬರ್ ಬರೆಯಬೇಕು. ಹಳೇ ಊರಿನವರು ಗೇಟಿನಿಂದಲೇ ವಾಪಸ್. ಸರಿ ಅಂತ ದೇವಸ್ಥಾನದ ಕಟ್ಟೆಗೆ ಬಂದೆವು. ಊರಿನವರು ಬಂದರು, ಮಸೀದಿ ಬೀದಿಯವರು ಬರಲಿಲ್ಲ. ಕಡೆಗೆ ಸ್ಕೂಲಿನ ಜಗುಲಿ. ಅಲ್ಲಿ ಒಣಕಸ ಬೇರ್ಪಡಿಸುವ ಹೆಂಗಸೊಬ್ಬರು ಮೊದಲ ಸಲ ಬಂದರು. ಟೀ ಬಂದಾಗ ಚೀಲದಿಂದ ತಮ್ಮದೇ ಸ್ಟೀಲ್ ಲೋಟ ತೆಗೆದು ಒಡ್ಡಿದರು. ತಟ್ಟೆಯಲ್ಲಿ ಬೇಕಾದಷ್ಟು ಲೋಟ ಇದ್ದವು. ಸುಮ್ನೆ ಅಭ್ಯಾಸ ಅಂದರು. ಎರಡೂ ಪಕ್ಷದವರು, ನಾನೂ ಸೇರಿ, ನೆಲ ನೋಡಿದೆವು.

ಹಿಂದೆ ಹೀಗಿರಲಿಲ್ಲ, ಕೆರೆ ಎಲ್ಲರದ್ದಾಗಿತ್ತು ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ತೂಬು ಎತ್ತಿ ಗದ್ದೆಗೆಲ್ಲ ನೀರು ಹಂಚುತ್ತಿದ್ದ ನೀರಗಂಟಿ ಎಷ್ಟೋ ಊರುಗಳಲ್ಲಿ ದಲಿತರ ಮನೆಯವನು. ಅದೇ ಊರಿನ ಸೇದುವ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ಕರಗ ವರ್ಷವೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುತ್ತದೆ, ನಾವೂ ವರ್ಷವೂ ಫೋಟೊ ಹಾಕುತ್ತೇವೆ. ಚಂದವೇ. ಆದರೆ ಅದು ಒಂದು ರಾತ್ರಿ. ಉಳಿದ ರಾತ್ರಿಗಳಿಗೆ ನಮ್ಮ ಹತ್ತಿರ ಅಂಥ ಏರ್ಪಾಡು ಇಲ್ಲ.

ಹಾಗಾಗಿ ಸಿಟ್ಟು ಉಳಿಸಿಕೊಳ್ಳಿ, ಬೇಲಿಗೆ ಬೇಕಾಗುತ್ತದೆ. ಮುಂದಿನ ಸಭೆ ಏರಿಯ ಮೇಲೇ ಇರಲಿ, ಹುಲ್ಲು ಕೊಯ್ಯುವವರು ಬರುವ ಹೊತ್ತಿಗೆ. ಹಸು ಎಷ್ಟಿವೆ, ಯಾವ ಕಡೆ ಕೊಯ್ದರೆ ಹಕ್ಕಿ ಗೂಡಿಗೆ ತೊಂದರೆ ಇಲ್ಲ, ಅವರನ್ನೇ ಕೇಳಿ. ಬೇಲಿ ಬೇಡ ಅನ್ನುವವರು ಯಾರ್‍ಯಾರು ಅಂತ ಕೈ ಎತ್ತಿಸಿ ನೋಡಿ.

ಕಟ್ಟಾಳು ಯಾವ ಕಡೆ ಇರುತ್ತಾರೆ ಅಂತ ನನಗೆ ಕುತೂಹಲ. ಮೂರನೇ ಪುಟದಲ್ಲಿ, ಬೈಗುಳದ ನಡುವೆ, ಅವರ ಮನೆಯಲ್ಲಿ ಎರಡು ಎಮ್ಮೆ ಇವೆ ಅಂತ ನೀವೇ ಬರೆದಿದ್ದೀರಿ.