ಸಂಸದರ ಹೆಸರಿನ ಮುಂದೆ ಸೊನ್ನೆ ಯಾಕೆ?

ಪ್ರಶ್ನೆ: ನಾನು ಪುಣೆಯ ಕೋಥರೂಡಿನಲ್ಲಿದ್ದೇನೆ, ಊರು ಗದಗ. ಹೊಸ ಸಂಸದರ ಸಾಧನೆಯ ಪಟ್ಟಿಯೊಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಅದರಲ್ಲಿ ಪುಣೆ ಸಂಸದರು ಕೇಳಿದ ಪ್ರಶ್ನೆ ಸೊನ್ನೆ. ಗೋವಾದ ಮಡಗಾಂವಿನಲ್ಲಿರುವ ತಂಗಿ, ‘ನಮ್ಮವರನ್ನು ನೋಡು’ ಎಂದು ಹಂಗಿಸುತ್ತಾಳೆ. ಇದನ್ನು ನಂಬಬಹುದೇ?

ಉತ್ತರ: ಪುಣೆಯ ಮಟ್ಟಿಗಂತೂ ನಂಬಬೇಡಿ. ನಿಮ್ಮ ಸಂಸದ ಮುರಳೀಧರ ಮೊಹೋಲ್ 2024ರಲ್ಲಿ ಮೊದಲ ಸಲ ಲೋಕಸಭೆಗೆ ಗೆದ್ದರು. ಬೆನ್ನಲ್ಲೇ ಸಹಕಾರ, ನಾಗರಿಕ ವಿಮಾನಯಾನ ಖಾತೆಗಳ ರಾಜ್ಯ ಸಚಿವರಾದರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಅವರನ್ನು ಖಾತೆಯ ಕೆಲಸದಿಂದ ಅಳೆಯಿರಿ.

ತಂಗಿಯ ಸಂಸದರು, ದಕ್ಷಿಣ ಗೋವಾದ ವಿರಿಯಾಟೊ ಫರ್ನಾಂಡಿಸ್ ಅವರೂ ಮೊದಲ ಸಲದವರೇ, ವಿರೋಧ ಪಕ್ಷದವರು. ಅಂಥವರ ಕೈಯಲ್ಲಿರುವುದೇ ಪ್ರಶ್ನೆ. ಹಾಗಂತ ತಂಗಿಯವರೂ ಬರೀ ಲೆಕ್ಕ ನೋಡಿ ಬೀಗಬೇಕಿಲ್ಲ. ದಿನಕ್ಕೆ ಚುಕ್ಕೆ ಗುರುತಿನ (ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ) ಪ್ರಶ್ನೆ 20, ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆ 230. ಯಾರದ್ದು ಒಳಗೆ ಬರುತ್ತದೆ ಎಂಬುದು ಲಾಟರಿಯಲ್ಲಿ ತೀರ್ಮಾನ. ಚರ್ಚೆಯಲ್ಲಿ ಸಮಯ ಸಿಗುವುದು ಪಕ್ಷದ ಬಲದ ಮೇಲೆ. ಖಾಸಗಿ ಮಸೂದೆಗಳ, ಅಂದರೆ ಸಚಿವರಲ್ಲದ ಸಂಸದರು ತರುವ ಮಸೂದೆಗಳ, ಎಣಿಕೆಯಂತೂ ನನಗೆ ತಮಾಷೆ: ಕೊನೆಯದಾಗಿ ಒಂದು ಪಾಸಾದದ್ದು 1970ರಲ್ಲಿ!

ಪ್ರಶ್ನೆಯನ್ನೇ ತೆರೆದು ಓದಿ. ‘ದೇಶದಲ್ಲಿ ಜೋಡಿ ಹಳಿ ಕಾಮಗಾರಿಗಳ ರಾಜ್ಯವಾರು ವಿವರವೇನು’ ಎಂದು ಯಾರ ಆಪ್ತ ಸಹಾಯಕ ಬೇಕಾದರೂ ಬರೆದುಕೊಟ್ಟಾನು. ‘ಪುಣೆ–ಮಿರಜ್ ಜೋಡಿ ಹಳಿಗೆ ಈ ವರ್ಷ ಕೊಟ್ಟ ಹಣದಲ್ಲಿ ಎಷ್ಟು ಖರ್ಚಾಯಿತು, ಉಳಿದದ್ದು ಯಾಕೆ ಉಳಿಯಿತು’ ಎಂದು ಕೇಳಲು ಆ ದಾರಿಯಲ್ಲಿ ಊರಿಗೆ ಹೋಗಿ ಬರುವವರ ಪಾಡು ಗೊತ್ತಿರಬೇಕು. ಸಚಿವರು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದರೆ ಅದು ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರದಿದ್ದಾಗ ನಿಮ್ಮ ಸಂಸದರು ಮತ್ತೆ ಕೆದಕಿದರೇ? ನಾನು ಅಂಕ ಕೊಡುವುದು ಅಲ್ಲಿ.

ಇನ್ನೊಂದು ಜಾಗ ಸ್ಥಾಯಿ ಸಮಿತಿ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಂಸದರ ಸಮಿತಿ. ಒಂದೊಂದರಲ್ಲೂ ಎರಡೂ ಸದನಗಳಿಂದ 31 ಸದಸ್ಯರು. ಇಲಾಖೆಗಳ ಬಜೆಟ್ ಬೇಡಿಕೆಯನ್ನು ಕೂತು ಜಾಲಾಡುವುದು ಇಲ್ಲೇ. ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ. ಹೊಸಬರು ಕೆಲಸ ಕಲಿಯುವುದೂ ಇಲ್ಲೇ. ವಾಟ್ಸಾಪ್ ಪಟ್ಟಿಗಳು ಇದನ್ನು ಮುಟ್ಟುವುದಿಲ್ಲ. ಸಮಿತಿ ವರದಿಯ ಕೊನೆಗೆ ಸಭೆಯ ನಡಾವಳಿ ಇರುತ್ತದೆ. ಯಾರು ಬಂದಿದ್ದರು ಎಂಬುದು ಅದರಲ್ಲಿ ಸಿಗುತ್ತದೆ.

ವರ್ಷಕ್ಕೆ 5 ಕೋಟಿಯ ಸಂಸದರ ನಿಧಿಯಿಂದ ಎಷ್ಟು ಸಭಾಭವನ ಎದ್ದವು ಎಂದು ಕೇಳುವವರೂ ಇದ್ದಾರೆ. ಸಂಸದರು ಶಿಫಾರಸು ಮಾಡುತ್ತಾರೆ, ಕೆಲಸ ಮಾಡಿಸುವುದು ಜಿಲ್ಲಾಡಳಿತ. ಶಾಸನ ರೂಪಿಸುವವರನ್ನು ಸಿಮೆಂಟಿನಲ್ಲಿ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.