ಮತಗಟ್ಟೆ ದೂರವಿದ್ದರೆ ಸ್ಥಳೀಯ ಚುನಾವಣೆಯಲ್ಲಿ ಮತದಾನ ಕಡಿಮೆಯಾಗುತ್ತದೆಯೇ?

ಕಡಿಮೆಯಾಗುವುದುಂಟು, ಆದರೆ ದೂರವೊಂದೇ ಕಾರಣವೆನ್ನಲು ಕರ್ನಾಟಕದ ಅಂಕಿಗಳು ಅವಕಾಶ ಕೊಡುವುದಿಲ್ಲ. 2015ರ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಚುನಾವಣೆಯಲ್ಲಿ, ಬಹುತೇಕರಿಗೆ ಮತಗಟ್ಟೆ ನಡೆದು ಹೋಗುವಷ್ಟು ಹತ್ತಿರವಿದ್ದರೂ, ಮತ ಹಾಕಿದವರು ಸುಮಾರು ಅರ್ಧದಷ್ಟು ಮಾತ್ರ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಈ ಪ್ರಮಾಣ ಶೇ 80ನ್ನು ದಾಟಿತು. ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯರಿರುವುದರಿಂದ ಅಭ್ಯರ್ಥಿ ನೆಂಟರೋ ನೆರೆಯವರೋ ಆಗಿರುತ್ತಾರೆ, ಮತ ಹಾಕಲು ಯಾರು ಬರಲಿಲ್ಲವೆಂಬುದೂ ಊರಿಗೆ ತಿಳಿಯುತ್ತದೆ.

ಹಾಗೆಂದು ಭೂಗೋಳ ನಗಣ್ಯವಲ್ಲ. ಒಂಟಿಮನೆಗಳು ಚದುರಿಕೊಂಡಿರುವ ಮಲೆನಾಡಿನಲ್ಲಿ, ನಕ್ಷೆಯ ಮೇಲಿನ ಎರಡು ಕಿಲೋಮೀಟರ್ ಹಳ್ಳ, ಗುಡ್ಡಗಳನ್ನು ಬಳಸಿಕೊಂಡು ಹೋಗುವಾಗ ಬಹಳ ಹಿಗ್ಗುತ್ತದೆ, ಮತ್ತು ಆ ಹೊರೆ ವೃದ್ಧರು, ಅಂಗವಿಕಲರು ಹಾಗೂ ಒಂದು ದಿನದ ಕೂಲಿ ಬಿಡಲಾಗದವರ ಮೇಲೆ ಬೀಳುತ್ತದೆ.

ಇದಕ್ಕಿಂತ ಭಾರವಾದದ್ದು ವಲಸೆಯ ದೂರವೆಂದು ನನ್ನ ಅಭಿಪ್ರಾಯ. ಹೆಸರು ರಾಯಚೂರಿನ ಹಳ್ಳಿಯ ಮತದಾರರ ಪಟ್ಟಿಯಲ್ಲಿದ್ದು, ದುಡಿಮೆ ಬೆಂಗಳೂರಿನ ಕಟ್ಟಡಗಳಲ್ಲಿರುವವರಿಗೆ ಸಾಮಾನ್ಯವಾಗಿ ಅಂಚೆ ಮತದ ಸೌಲಭ್ಯವಿಲ್ಲ. ಪಂಚಾಯಿತಿ ಚುನಾವಣೆಗೆ ಅಭ್ಯರ್ಥಿಗಳೇ, ನಿಯಮಬಾಹಿರವಾದರೂ, ಗಾಡಿ ಮಾಡಿ ಕರೆಸಿಕೊಳ್ಳುವುದುಂಟು. ನಗರದ ವಾರ್ಡಿನಲ್ಲಿ ಮನೆ ಬದಲಿಸಿದವರನ್ನು ಹುಡುಕಿ ಕರೆತರುವವರು ವಿರಳ.