ಡಿಪೆಂಡೆಂಟ್ ಸೋರ್ಸ್ ಇರೋ ಸರ್ಕ್ಯೂಟ್‌ಗೆ ಥೆವೆನಿನ್ ರೆಸಿಸ್ಟೆನ್ಸ್ ಬೇಗ ತೆಗೆಯೋ ಶಾರ್ಟ್‌ಕಟ್ ಇದ್ಯಾ?

ಥೆವೆನಿನ್ ರೆಸಿಸ್ಟೆನ್ಸ್ ಅಂದ್ರೆ ಲೋಡ್ ಹಾಕೋ ಜಾಗದಿಂದ ನೋಡಿದ್ರೆ ಇಡೀ ಸರ್ಕ್ಯೂಟ್‌ಗೆ ಸಮನಾಗೋ ಒಂದೇ ರೆಸಿಸ್ಟೆನ್ಸ್. ಅದಕ್ಕೆ "ಎಲ್ಲಾ ಸೋರ್ಸ್ ಝೀರೋ ಮಾಡಿ ಉಳಿದ ರೆಸಿಸ್ಟರ್ ಕೂಡಿಸಿದ್ರೆ ಸಾಕಲ್ವಾ" ಅಂತ ಕೇಳಿದೀರಲ್ಲ, ನಾನು ಇದನ್ನೇ ನಂಬ್ಕೊಂಡು ಇಂಜಿನಿಯರಿಂಗ್ ಮುಗಿಸ್ದೆ, ಪಾಸೂ ಆದೆ, ಯಾಕಂದ್ರೆ ನಾನು ಅಭ್ಯಾಸ ಮಾಡ್ತಿದ್ದ ಲೆಕ್ಕಗಳಲ್ಲಿ ಬರೀ ಬ್ಯಾಟರಿ, ರೆಸಿಸ್ಟರ್ ಇಷ್ಟೇ ಇರ್ತಿತ್ತು. ಆಮೇಲೆ ಬೆಂಗಳೂರಲ್ಲಿ ಒಂದು ಇಂಟರ್‌ವ್ಯೂ. ಬೋರ್ಡ್ ಮೇಲೆ ಎಮಿಟರ್ ಫಾಲೋವರ್ (ಔಟ್‌ಪುಟ್ಟನ್ನ ಎಮಿಟರಿಂದ ತೆಗೆಯೋ ಟ್ರಾನ್ಸಿಸ್ಟರ್ ಸರ್ಕ್ಯೂಟ್) ಬರೆದು, ಬೇಸ್ ಕಡೆ 10 ಕಿಲೋ ಓಮ್, ಎಮಿಟರ್‌ಗೆ 4.7 ಕಿಲೋ, ಬೀಟಾ (ಕರೆಂಟ್ ಗೇನ್) 100, ಕರೆಂಟ್ 1 ಮಿಲಿ ಆಂಪ್, ಔಟ್‌ಪುಟ್ ರೆಸಿಸ್ಟೆನ್ಸ್, ಅಂದ್ರೆ ಔಟ್‌ಪುಟ್ ಕಡೆಯ ಥೆವೆನಿನ್ ರೆಸಿಸ್ಟೆನ್ಸ್, ಹೇಳಿ ಅಂದ್ರು. ಸ್ಮಾಲ್ ಸಿಗ್ನಲ್ ಮಾಡೆಲ್ (ಟ್ರಾನ್ಸಿಸ್ಟರ್ ಬದಲು ಒಂದು ರೆಸಿಸ್ಟರ್, ಒಂದು ಡಿಪೆಂಡೆಂಟ್ ಸೋರ್ಸ್ ಇಟ್ಟ ಚಿತ್ರ) ಬರೆದೆ, ಇನ್‌ಪುಟ್ ಶಾರ್ಟ್ ಮಾಡ್ದೆ, ಅದೇ ಕೈಲಿ ಆ ಡಿಪೆಂಡೆಂಟ್ ಸೋರ್ಸನ್ನೂ (ಬೇಸ್ ಕರೆಂಟ್‌ನ ಬೀಟಾದಷ್ಟು ಕರೆಂಟ್ ಕೊಡೋದು) ಓಪನ್ ಮಾಡ್ಬಿಟ್ಟೆ. 3.4 ಕಿಲೋ ಬಂತು.

"ಈ ಸರ್ಕ್ಯೂಟನ್ನ ಯಾಕ್ರೀ ಹಾಕ್ತಾರೆ?" ಅಂದ್ರು. "ಔಟ್‌ಪುಟ್ ರೆಸಿಸ್ಟೆನ್ಸ್ ಕಮ್ಮಿ ಬರ್ಲಿ ಅಂತ ಸರ್" ಅಂದೆ. ಬೋರ್ಡ್ ಕಡೆ ನೋಡಿದ್ರು, ನಾನೂ ನೋಡ್ದೆ. ಸರಿ ಉತ್ತರ ಸುಮಾರು 120 ಓಮ್. ಆ ಕೆಲಸ ಸಿಗ್ಲಿಲ್ಲ.

ಎಡವಿದ್ದು ಎಲ್ಲಿ ಅಂದ್ರೆ, ಬ್ಯಾಟರಿ ತನ್ನ ಪಾಡಿಗೆ 12 ವೋಲ್ಟ್ ಕೊಡತ್ತೆ, ಅದನ್ನ ಝೀರೋ ಮಾಡೋ ಹಕ್ಕು ನಮಗಿದೆ. ಡಿಪೆಂಡೆಂಟ್ ಸೋರ್ಸ್‌ಗೆ ಸ್ವಂತ ಬೆಲೆನೇ ಇಲ್ಲ, ಸರ್ಕ್ಯೂಟಲ್ಲಿ ಇನ್ನೆಲ್ಲೋ ಇರೋ ಕರೆಂಟ್ ಅಥವಾ ವೋಲ್ಟೇಜ್ ಎಷ್ಟೋ ಅದರ ಮೇಲೆ ನಿಂತಿರತ್ತೆ. ಬ್ಯಾಟರಿ ಸತ್ರೂ ನೀವು ಹೊರಗಿಂದ ಕರೆಂಟ್ ತಳ್ಳಿದ ಕೂಡಲೇ ಇದು ಮತ್ತೆ ಕೆಲಸ ಶುರು ಮಾಡತ್ತೆ. ಅಂದ್ರೆ ಇದು ರೆಸಿಸ್ಟೆನ್ಸ್‌ನ ಒಂದು ಭಾಗನೇ. ಎಮಿಟರ್ ಫಾಲೋವರಲ್ಲಂತೂ ರೆಸಿಸ್ಟೆನ್ಸ್ ಇಳಿಸೋದೇ ಅದು, ನಾನು ಅದನ್ನೇ ಕಿತ್ತು ಹಾಕಿದ್ದೆ.

ಕೈಯಲ್ಲಿ ಮಾಡಿ ನೋಡಿ. 12 ವೋಲ್ಟ್ ಬ್ಯಾಟರಿ, 6 ಕಿಲೋ ದಾಟಿ ಒಂದು ನೋಡ್, ಅಲ್ಲಿಂದ ಗ್ರೌಂಡ್‌ಗೆ 3 ಕಿಲೋ, ಜೊತೆಗೆ 6 ಕಿಲೋದಲ್ಲಿ ಬರೋ ಕರೆಂಟ್‌ನ ಎರಡರಷ್ಟನ್ನ ಅದೇ ನೋಡ್‌ಗೆ ತುಂಬೋ ಸೋರ್ಸ್. ಓಪನ್ ವೋಲ್ಟೇಜ್ (ಲೋಡ್ ಇಲ್ಲದಾಗ ನೋಡ್‌ನಲ್ಲಿ ಬರೋದು) 7.2, ಶಾರ್ಟ್ ಕರೆಂಟ್ (ನೋಡನ್ನ ನೇರ ಗ್ರೌಂಡ್‌ಗೆ ಜೋಡಿಸಿದ್ರೆ ಹರಿಯೋದು) 6 ಮಿಲಿ ಆಂಪ್, ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ರೆಸಿಸ್ಟೆನ್ಸ್ 1.2 ಕಿಲೋ. ನಿಮ್ಮ ದಾರೀಲಿ ಹೋದ್ರೆ 6ಕ್ಕೆ 3 ಪ್ಯಾರಲಲ್, 2 ಕಿಲೋ ಬರತ್ತೆ, ನೋಡೋಕೆ ಎಷ್ಟು ನೀಟಾಗಿದೆ ಅಂದ್ರೆ ಅನುಮಾನನೇ ಬರಲ್ಲ.

ಹಾಗಾಗಿ ಶಾರ್ಟ್‌ಕಟ್ ಹುಡುಕೋದೇ ಬೇಡ ಅಂತೀನಿ. ಯಾವ ಸರ್ಕ್ಯೂಟ್‌ಗೆ ಯಾವ ಮೆಥಡ್ ಅಂತ ಟೇಬಲ್ ಉರು ಹೊಡೆಯೋದೂ ಬೇಡ. ಬ್ಯಾಟರಿ ಥರದವನ್ನ ಮಾತ್ರ ಝೀರೋ ಮಾಡಿ, ಲೋಡ್ ತೆಗೆದ ಜಾಗದಲ್ಲಿ 1 ಮಿಲಿ ಆಂಪ್ ಒಳಗೆ ತಳ್ಳಿ, ಅಲ್ಲಿ ಎಷ್ಟು ವೋಲ್ಟ್ ಬರತ್ತೋ ಅಷ್ಟೇ ಕಿಲೋ ಓಮ್. ಮೇಲಿನ ಲೆಕ್ಕಕ್ಕೂ ಹೀಗೆ ಮಾಡಿ, 1.2 ವೋಲ್ಟೇ ಬರತ್ತೆ.

ಓಪನ್ ವೋಲ್ಟೇಜನ್ನ ಶಾರ್ಟ್ ಕರೆಂಟಿಂದ ಭಾಗಿಸೋದೂ ಸರಿನೇ, ಆದ್ರೆ ಪರೀಕ್ಷೇಲಿ ಬ್ಯಾಟರಿನೇ ಇಲ್ದೆ ಬರೀ ಡಿಪೆಂಡೆಂಟ್ ಸೋರ್ಸ್ ಇರೋ ಸರ್ಕ್ಯೂಟ್ ಕೊಟ್ರೆ ಎರಡೂ ಸೊನ್ನೆ ಬಂದು ಕೂತ್ಬಿಡ್ತೀರ. ಆಗಲೂ 1 ಮಿಲಿ ಆಂಪ್ ತಳ್ಳೋದೇ ದಾರಿ.